ಏಳು ಒಂದುಗಳ ಭಾಗಲಾಭ

ನನಗೊಂದು ಚಟವಿದೆ. ಎಲೆಅಡಿಕೆಯಲ್ಲ, ನಶ್ಯವಲ್ಲ, ಇಸ್ಪೀಟೂ ಅಲ್ಲ. ಅವುಗಳಾಗಿದ್ದರೆ ಬಿಡಿಸಲು ನನ್ನ ಹೆಂಡತಿ ಸರೋಜಳಿಗೆ ದಾರಿ ಗೊತ್ತಿತ್ತು. ನನ್ನದು ಸಂಖ್ಯೆ ಒಡೆಯುವ ಚಟ. ಎಲ್ಲಾದರೂ ಉದ್ದನೆಯದೊಂದು ಸಂಖ್ಯೆ ಕಂಡರೆ ಸಾಕು, ಅದು ಯಾವುದರಿಂದ ಭಾಗವಾಗುತ್ತದೆ ಎಂದು ನೋಡದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಹೆದ್ದಾರಿಯಲ್ಲಿ ಲಾರಿ ಹೋದರೆ ಜನ ಅದರ ಧೂಳಿಗೆ ಮುಖ ತಿರುಗಿಸುತ್ತಾರೆ, ನಾನು ಅದರ ನಂಬರಿಗೆ ಮುಖ ತಿರುಗಿಸುತ್ತೇನೆ. ಆಸ್ಪತ್ರೆಯಲ್ಲಿ ಟೋಕನ್ ಕೊಟ್ಟರೆ ಕಾಯಿಲೆ ಮರೆತು ಟೋಕನ್ ಒಡೆಯುತ್ತ ಕೂತಿರುತ್ತೇನೆ. ಒಮ್ಮೆ ಹೀಗೆ ಕೂತವನಿಗೆ ನನ್ನದೇ ನಂಬರು ಕೂಗಿದ್ದು ಕೇಳಿಸದೆ, ಡಾಕ್ಟರು ಊಟಕ್ಕೆ ಎದ್ದು ಹೋಗಿದ್ದರು.

ಕಳೆದ ವರ್ಷ ಗ್ಯಾಸ್ ಸಿಲಿಂಡರೊಂದು ಬಂತು. ಅದರ ಕೊರಳ ಮೇಲೆ 30031 ಎಂದು ಹೊಡೆದಿತ್ತು. ನೋಡಿದೊಡನೆ ಮೈ ಜುಮ್ಮೆಂದಿತು. ಎರಡರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಮೂರರಿಂದ, ಐದರಿಂದ, ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ ಭಾಗಿಸಿದರೂ ಒಂದೇ ಉಳಿಯುತ್ತದೆ. ಸಿಲಿಂಡರ್ ತಂದವನು ಹೊಸಿಲಲ್ಲಿ ನಿಂತು ನನ್ನ ಮುಖ ನೋಡಿದ.

"ಏನ್ ಸಾರ್, ಸಿಲಿಂಡರ್ ಸರಿ ಇಲ್ವಾ?"

"ಸರಿ ಅದೆ ಮಾರಾಯಾ. ಆದ್ರೆ ಹದಿಮೂರರಿಂದ್ಲೂ ಹೋಗೂದಿಲ್ಲ ನೋಡು."

"ರೆಗ್ಯುಲೇಟರ್ ಒತ್ತಿ ಹಾಕಿ ಸಾರ್, ಹೋತದೆ" ಎಂದು ಹೇಳಿ ಅವನು ಖಾಲಿ ಸಿಲಿಂಡರು ಹೆಗಲಿಗೇರಿಸಿದ. ಸಂಜೆ ಚಹಾದ ಹೊತ್ತಿಗೆ ಆ ಸಂಖ್ಯೆ ಐವತ್ತೊಂಬತ್ತಕ್ಕೆ ಸಿಕ್ಕಿಬಿತ್ತು. ಐವತ್ತೊಂಬತ್ತು ಗುಣಿಸು ಐನೂರ ಒಂಬತ್ತು. ಈ ಸಂತೋಷದ ಸುದ್ದಿಯನ್ನು ಸರೋಜಳಿಗೆ ಹೇಳಿದಾಗ ಅವಳು, "ಹಾಲು ಉಕ್ತದೆ ನೋಡಿ" ಎಂದಳು.

ನಾನು ಗಣಿತದ ಮಾಸ್ತರನಾಗಿದ್ದವನು, ಹೆಸರು ಬೊಮ್ಮಯ್ಯ. ಊರು ಅಂಕೋಲೆ ಬಳಿಯ ಹಟ್ಟಿಕೇರಿ, ಈಗ ಇರುವುದು ಕಾರವಾರದಲ್ಲಿ. ಕೊನೆಯ ಹದಿನಾಲ್ಕು ವರ್ಷ ಅಣುಸ್ಥಾವರದ ನೌಕರರಿರುವ ಮಲ್ಲಾಪುರದ ಕಡೆ ಪಾಠ ಮಾಡಿದೆ. ಅಲ್ಲಿಯ ಮಕ್ಕಳು ಅಪವರ್ತನ ಕಷ್ಟ ಎಂದು ಗೊಣಗಿದಾಗಲೆಲ್ಲ, "ನಿಮ್ಮ ಅಪ್ಪಂದಿರು ಅಲ್ಲಿ ಅಣುವನ್ನೇ ಒಡೆಯುತ್ತಾರೆ, ನಿಮಗೆ ಒಂದು ಸಂಖ್ಯೆ ಒಡೆಯಲಿಕ್ಕೆ ಏನು ಧಾಡಿ?" ಎಂದು ಕೇಳುತ್ತಿದ್ದೆ. ಮೊದಲ ವರ್ಷ ನಕ್ಕರು. ಹದಿನಾಲ್ಕನೆಯ ವರ್ಷ ನಾನು ಬಾಯಿ ತೆರೆಯುವ ಮೊದಲೇ ಇಡೀ ತರಗತಿ ಆ ವಾಕ್ಯವನ್ನು ಒಟ್ಟಾಗಿ ಒಪ್ಪಿಸುತ್ತಿತ್ತು.

ಆ ಮಕ್ಕಳು ನನಗೆ ಇಟ್ಟ ಅಡ್ಡಹೆಸರು 'ಇನ್ನೂರ ಮೂವತ್ತೊಂಬತ್ತು ಸರ್'. ಮೊನ್ನೆ ಅವರಲ್ಲೊಂದು ತಂಡದವರು ಬಂದು ಆಮಂತ್ರಣ ಪತ್ರ ಕೊಟ್ಟರು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನನಗೊಂದು ಸನ್ಮಾನ ಮಾಡುತ್ತಾರಂತೆ. ಪತ್ರದ ಮೇಲೆ ನನ್ನ ಹೆಸರಿನ ಮುಂದೆ ಕಂಸದಲ್ಲಿ 239 ಎಂದು ಅಚ್ಚು ಹಾಕಿಸಿದ್ದರು. ಹೊರಡುವಾಗ ಒಬ್ಬಳು, "ಸರ್, ಆ ಪೆನ್ನನ್ನ ಮರೆಯದೆ ತರಬೇಕು. ಆ ಕತೆಯನ್ನ ಇನ್ನೊಮ್ಮೆ ನಿಮ್ಮ ಬಾಯಿಂದ್ಲೇ ಕೇಳಬೇಕು" ಎಂದಳು.

ತರುತ್ತೇನೆ ಎಂದೆ. ಅವರು ಹೋದ ಮೇಲೆ ಕಪಾಟಿನ ಮೇಲಿನ ಖಾನೆಯಿಂದ ಪೆನ್ನನ್ನು ತೆಗೆದೆ. ಹಸಿರು ಬಣ್ಣದ ಇಂಕ್ ಪೆನ್ನು, ಟೊಪ್ಪಿಗೆಯ ಕ್ಲಿಪ್ಪು ಸ್ವಲ್ಪ ಸಡಿಲ. ನಿಬ್ಬಿನಲ್ಲಿ ಎಂದೋ ಒಣಗಿದ ಮಸಿ. ಅದನ್ನು ಕೈಯಲ್ಲಿ ಹಿಡಿದು ಕೂತವನಿಗೆ ಸನ್ಮಾನದ ಸಂತೋಷವೆಲ್ಲ ಇಳಿದುಹೋಯಿತು. ಏಕೆಂದರೆ ಆ ಕತೆ ಸುಳ್ಳು. ಹೇಳಿದಷ್ಟೂ ನಿಜ, ಹೇಳದೆ ಬಿಟ್ಟದ್ದರಿಂದ ಸುಳ್ಳು.

ಕತೆ ಶುರುವಾಗುವುದು ಅಂಕೋಲೆಯ ಹೈಸ್ಕೂಲಿನಲ್ಲಿ. ಆದರೆ ಅದಕ್ಕಿಂತ ಮೊದಲು ನಮ್ಮ ಅಂಗಳಕ್ಕೆ ಒಮ್ಮೆ ಬರಬೇಕು. ನನ್ನ ಅಜ್ಜ ಭತ್ತ ಅಳೆಯುವಾಗ ಎಂದೂ 'ಒಂದು' ಎನ್ನುತ್ತಿರಲಿಲ್ಲ. ಮೊದಲ ಕೊಳಗವನ್ನು 'ಲಾಭ' ಎಂದು ಸುರಿಯುತ್ತಿದ್ದ. ಆಮೇಲೆ ಎರಡು, ಮೂರು, ನಾಲ್ಕು. ಒಂದು ಎಂದರೆ ಒಂದಕ್ಕೇ ನಿಂತುಹೋದೀತು ಎಂಬ ಅಂಜಿಕೆ. ನಾನು ಎಣಿಕೆ ಕಲಿತದ್ದು ಆ ಅಂಗಳದಲ್ಲೇ. ಒಂದನೆಯ ಇಯತ್ತೆಯಲ್ಲಿ ಅಕ್ಕೋರು ನನ್ನನ್ನು ನಿಲ್ಲಿಸಿ ಹತ್ತರವರೆಗೆ ಎಣಿಸು ಎಂದಾಗ ನಾನು ಎದೆಯುಬ್ಬಿಸಿ "ಲಾಭ, ಎರಡು, ಮೂರು" ಎಂದು ಹೊರಟೆ. ತರಗತಿಯೆಲ್ಲ ಗೊಳ್ಳೆಂದಿತು. ಅಕ್ಕೋರು ಕಿವಿ ಹಿಂಡಿ, "ಇದೇನು ನಿಮ್ಮ ಅಜ್ಜನ ಕಣವಾ?" ಎಂದರು. ನನ್ನ ಗಣಿತದ ಬದುಕು ಆರಂಭವಾದದ್ದು ಹೀಗೆ, ಕೆಂಪು ಕಿವಿಯಿಂದ.

ಹೈಸ್ಕೂಲಿನಲ್ಲಿ ಗಣಿತಕ್ಕೆ ಉಪೇಂದ್ರ ಮಾಸ್ತರರಿದ್ದರು. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ಒಂದು ತೋಳಿಗೆ ಸೀಮೆಸುಣ್ಣ ಮೆತ್ತಿಕೊಂಡೇ ಇರುವವರು. ಒಂಬತ್ತನೆಯ ಇಯತ್ತೆಯಲ್ಲಿ ಅವರು ಅವಿಭಾಜ್ಯ ಸಂಖ್ಯೆ ಕಲಿಸಿದರು. ತನ್ನಿಂದ ಮತ್ತು ಒಂದರಿಂದ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ್ದು. ನನಗೆ ಆ ಶಬ್ದ ಬಾಯಲ್ಲಿ ನಿಲ್ಲದೆ ಪರೀಕ್ಷೆಯಲ್ಲಿ 'ಅವಿಭಕ್ತ ಸಂಖ್ಯೆ' ಎಂದು ಬರೆದಿದ್ದೆ. ಮಾಸ್ತರರು ಉತ್ತರಪತ್ರಿಕೆ ಎತ್ತಿ ಹಿಡಿದು, "ಬೊಮ್ಮಯ್ಯನ ಸಂಖ್ಯೆಗಳೆಲ್ಲ ಒಂದೇ ಒಲೆಯಲ್ಲಿ ಉಣ್ಣುತ್ತವೆ" ಎಂದರು. ನಮ್ಮ ಮನೆಯಲ್ಲಿ ಆಗಷ್ಟೇ ದೊಡ್ಡಪ್ಪ ಒಲೆ ಬೇರೆ ಮಾಡಿದ್ದ. ಹಾಗಾಗಿ ನನಗೆ ನಗು ಬರಲಿಲ್ಲ.

ಅದೇ ತರಗತಿಯಲ್ಲಿ ಶೇವಂತಿ ಇದ್ದಳು. ಹಾರವಾಡದ ಕಡಲದಂಡೆಯ ಹುಡುಗಿ. ಅವಳ ಆಯಿ, ಎಂದರೆ ತಾಯಿ, ಬುಟ್ಟಿ ಹೊತ್ತು ಹಟ್ಟಿಕೇರಿಯ ಮನೆಮನೆಗೆ ಮೀನು ತರುತ್ತಿದ್ದಳು. ನಾನೂ ಶೇವಂತಿಯೂ ಒಂದೇ ಬಸ್ಸಿಗೆ ಹೋಗುವವರು. ಅವಳು ವಾರಕ್ಕೆ ಎರಡು ದಿನ ಶಾಲೆಗೆ ಬರುತ್ತಿರಲಿಲ್ಲ. ಬಂದ ದಿನ ಮಾತ್ರ ಮಾಸ್ತರರು ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಿದ್ದಳು. ಹೇಳುವ ರೀತಿ ಮಾತ್ರ ಅವಳದೇ. ಭಾಗಿಸಿದಾಗ ಬರುವುದಕ್ಕೆ ಪುಸ್ತಕದಲ್ಲಿ 'ಭಾಗಲಬ್ಧ' ಎಂದಿತ್ತು. ಅವಳು ಎಂದೂ ಹಾಗೆನ್ನಲಿಲ್ಲ. "ಶೇಷ ಮೂರು ಸರ್, ಭಾಗಲಾಭ ಹದಿನೆಂಟು" ಎನ್ನುತ್ತಿದ್ದಳು. ನಾವು ಬೆಂಚು ಬಡಿದು ನಗುತ್ತಿದ್ದೆವು. ಉಪೇಂದ್ರ ಮಾಸ್ತರರು ಒಬ್ಬರೇ ನಗಲಿಲ್ಲ. "ಲಬ್ಧವೂ ಲಾಭವೂ ಅಣ್ಣತಮ್ಮಂದಿರೇ. ಅವಳು ಹೇಳಿದ್ದೇ ಸರಿ ಇರಬಹುದು" ಎಂದರು.

ಒಂದು ಶನಿವಾರ ಕೊನೆಯ ಅವಧಿಯಲ್ಲಿ ಮಾಸ್ತರರು ಹಲಗೆಯ ಮೇಲೆ ಏಳು ಒಂದುಗಳನ್ನು ಸಾಲಾಗಿ ಬರೆದರು. 11,11,111. ಕನ್ನಡದ ೧ ಅಲ್ಲ, ಹೈಸ್ಕೂಲಿನ ನೆಟ್ಟಗಿನ ಒಂದು. ಏಳು ಕಡ್ಡಿ ನಿಲ್ಲಿಸಿದ ಹಾಗಿತ್ತು. ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು. "ಇದು ಒಡೆಯುತ್ತದೋ ಇಲ್ಲವೋ? ವರ್ಷದ ಪರೀಕ್ಷೆಯೊಳಗೆ ಯಾರು ಹೇಳುತ್ತೀರೋ ಅವರಿಗೆ ಇದು" ಎಂದು ತಮ್ಮ ಕಿಸೆಯ ಹಸಿರು ಪೆನ್ನನ್ನು ಎತ್ತಿ ತೋರಿಸಿದರು. ಇಂಕ್ ಪೆನ್ನು ಎಂದರೆ ಆಗ ನಮ್ಮ ಪಾಲಿಗೆ ಸಣ್ಣ ವಸ್ತುವಲ್ಲ.

ಆ ದಿನ ಶೇವಂತಿ ಬಂದಿರಲಿಲ್ಲ. ಸೋಮವಾರ ಬಸ್ಸಿನಲ್ಲಿ ಕೇಳಿದಳು. ಎಷ್ಟು ಒಂದು ಎಂದಳು, ಏಳು ಎಂದೆ. ಮರುದಿನ ಬಸ್ಸು ಹತ್ತಿದವಳೇ ನನ್ನ ಸೀಟಿನ ಹತ್ತಿರ ಬಂದು, "ಏ ಬೊಮ್ಮ, ಒಡೀತು! ಹನ್ನೊಂದರಿಂದ ಹೋತದೆ" ಎಂದಳು.

ನನ್ನ ಜೀವ ಹೋಯಿತು. ನಾನು ಹನ್ನೊಂದರಿಂದ ಭಾಗಿಸಿ ನೋಡಿದ್ದೆ, ಹೋಗಿರಲಿಲ್ಲ. ಅವಳ ಪಾಟಿಯನ್ನು ಕಸಿದು ನೋಡಿದರೆ ಲೆಕ್ಕವೆಲ್ಲ ಸರಿ, ಆದರೆ ಮೇಲೆ ಇದ್ದದ್ದು ಎಂಟು ಒಂದು!

"ಎಂಟು ಬರ್ದೀಯಲ್ಲೇ! ಏಳು ಅಂದಿದ್ದೆ ನಾನು."

"ಏಳೇ ಬರ್ದದ್ದು. ಮೊದಲ್ನೇದು ಲಾಭ."

"ಲಾಭ ಅಂದ್ರೇನೇ ಒಂದು!"

"ನಿಮ್ಮಲ್ಲಿ ಇರ್ಬೇಕು. ನಮ್ಮ ಆಯಿ ಮೊದ್ಲು ಒಂದು ಮೀನು ಲಾಭ ಅಂತ ಹಾಕ್ತದೆ, ಆಮೇಲೆ ಒಂದು, ಎರಡು. ಲಾಭ ಎಣಿಸೂದಿಲ್ಲ. ಅದು ಕೊಡೂದು."

ಅವರ ಮನೆಯಲ್ಲಿ ಏನನ್ನೇ ಎಣಿಸಲಿ, ಕೈ ತಾನಾಗಿ ಮೊದಲು ಒಂದನ್ನು ಲೆಕ್ಕದ ಹೊರಗೆ ಹಾಕುತ್ತದೆ. ಏಳು ಎಂದರೆ ಅವಳ ಕೈಗೆ ಲಾಭ ಮತ್ತು ಏಳು. ನಮ್ಮ ಮನೆಯಲ್ಲಿ ಲಾಭ ಎಂದರೆ ತೆಗೆದುಕೊಳ್ಳುವುದು, ಅವರ ಮನೆಯಲ್ಲಿ ಕೊಡುವುದು. ಅವರ್ಸಾ ದಾಟುವವರೆಗೂ ನಾವು ಜಗಳವಾಡಿದೆವು. ಕೊನೆಗೆ ಕಂಡಕ್ಟರು ಬಂದು, "ನನ್ ಬಸ್ಸಲ್ಲಿ ಲಾಭ ಗೀಭ ಇಲ್ಲ. ಎರಡು ಮಕ್ಕಳಿಗೆ ಎರಡೇ ಟಿಕೇಟು, ಸುಮ್ನೆ ಕೂತ್ಕಳಿ" ಎಂದ. ಶೇವಂತಿ ಪಾಟಿಯ ಮೊದಲ ಒಂದನ್ನು ಹೆಬ್ಬೆರಳಿನಿಂದ ಒರೆಸಿದಳು. "ಹಾಂಗಾರೆ ಮತ್ತೆ ನೋಡ್ವಾ" ಎಂದಳು. ಅವಳಿಗೆ ಅದರಿಂದ ಬೇಸರವೇನೂ ಆದಂತೆ ಕಾಣಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವಳು ಶಾಲೆಗೆ ಬರುವುದು ನಿಂತಿತು. ಅವಳ ಆಯಿ ಬಿದ್ದು ಸೊಂಟ ಹಿಡಿಸಿಕೊಂಡಿದ್ದಳು, ಬುಟ್ಟಿ ಶೇವಂತಿಯ ತಲೆಗೆ ಬಂತು. ಅದಾದ ವಾರದಲ್ಲೇ ಮಾಸ್ತರರು ಒಂದು ಗುಟ್ಟು ಹೇಳಿಕೊಟ್ಟರು. ಒಂದು ಸಂಖ್ಯೆ ಒಡೆಯುತ್ತದೋ ಎಂದು ನೋಡಲು ಕೊನೆಯವರೆಗೆ ಹೋಗಬೇಕಾಗಿಲ್ಲ, ಅದರ ವರ್ಗಮೂಲದವರೆಗೆ ನೋಡಿದರೆ ಸಾಕು. ನಮ್ಮ ಏಳು ಒಂದುಗಳಿಗೆ ಅದು ಸಾವಿರದ ಐವತ್ನಾಲ್ಕು. ಅಲ್ಲಿಯವರೆಗಿನ ಅವಿಭಾಜ್ಯಗಳು ನೂರ ಎಪ್ಪತ್ತಕ್ಕೂ ಮಿಕ್ಕಿ.

ನಾನು ಇನ್ನೂರು ಪುಟದ ನೋಟುಬುಕ್ಕು ಹಿಡಿದು ಕೂತೆ. ಒಂದು ಪುಟಕ್ಕೆ ಒಂದು ಸಂಖ್ಯೆ. ಈ ಭಾಗಾಕಾರಕ್ಕೆ ಒಂದು ಚೆಂದವಿದೆ, ಕೆಳಗಿಳಿಸುವ ಅಂಕಿ ಪ್ರತಿ ಸಲವೂ ಒಂದೇ. ಉಳಿದದ್ದರ ಪಕ್ಕದಲ್ಲಿ ಒಂದು, ಮತ್ತೆ ಉಳಿದದ್ದರ ಪಕ್ಕದಲ್ಲಿ ಒಂದು. ಗದ್ದೆಯ ಬದುವಾದ ಹಾಳಿಯ ಮೇಲೆ, ದನ ಕಾಯುವಲ್ಲಿ, ಅವ್ವಿ ಗಂಜಿ ಬಡಿಸುವವರೆಗಿನ ಹೊತ್ತಿನಲ್ಲಿ ಭಾಗಿಸಿದೆ. ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು. ಮೂರು ಅಂಕಿಯವು ಬಂದ ಮೇಲೆ ದಿನಕ್ಕೆ ಐದಾರು ಮಾತ್ರ. ಮಾರ್ಚಿನ ಬಿಸಿಲು ಏರುವ ಹೊತ್ತಿಗೆ ಸಾವಿರದ ಐವತ್ತೊಂದನ್ನೂ ಮುಗಿಸಿದೆ. ಯಾವುದರಿಂದಲೂ ಹೋಗಲಿಲ್ಲ. ಒಡೆಯದ ಸಂಖ್ಯೆ! ಸೋಮವಾರ ಹೇಳುವುದು, ಪೆನ್ನು ಪಡೆಯುವುದು ಎಂದು ನಿಶ್ಚಯಿಸಿಕೊಂಡೆ.

ಆ ಭಾನುವಾರ ಅವ್ವಿ ಒಣಮೀನು ತರಲು ನನ್ನನ್ನು ಹಾರವಾಡಕ್ಕೆ ಕಳಿಸಿದಳು. ನಾನು ನೋಟುಬುಕ್ಕನ್ನೂ ಹಿಡಿದುಕೊಂಡೇ ಹೋದೆ. ಯಾಕೆ ಎಂದು ಬೇರೆ ಹೇಳಬೇಕಾಗಿಲ್ಲ. ಶೇವಂತಿ ಕಡಲದಂಡೆಯ ಹೊಯ್ಗೆಯ ಮೇಲೆ ಚಾಪೆ ಹಾಸಿ ಮೀನು ಒಣಗಿಸಿ, ಕೈಯಲ್ಲಿ ಕೋಲು ಹಿಡಿದು ಕಾಗೆ ಕಾಯುತ್ತಿದ್ದಳು. ನಾನು ನೋಟುಬುಕ್ಕನ್ನು ಅವಳ ತೊಡೆಯ ಮೇಲಿಟ್ಟು, "ಒಡಿಯೂದಿಲ್ಲ. ಎಲ್ಲಾ ನೋಡ್ದೆ" ಎಂದೆ.

ಅವಳು ಒಂದು ಕೈಯಲ್ಲಿ ಕಾಗೆ ಓಡಿಸುತ್ತ ಇನ್ನೊಂದು ಕೈಯಲ್ಲಿ ಪುಟ ತಿರುವಿದಳು. ತಿರುವುತ್ತ ತಿರುವುತ್ತ ಒಂದು ಕಡೆ ನಿಂತಳು. ಇನ್ನೂರ ಮೂವತ್ತೊಂಬತ್ತರ ಪುಟ.

"ಇಲ್ಲಿ ಎಂತ ಮಾಡೀಯೆ? ಇನ್ನೂರ ನಲವತ್ತು ಒಂಬತ್ಲೆ ಎರಡು ಸಾವಿರದ ನೂರ ಅರವತ್ತು. ಅದ್ರಲ್ಲಿ ಒಂಬತ್ತು ತೆಗಿ. ಎರಡು ಸಾವಿರದ ನೂರ ಐವತ್ತೊಂದು. ನೀನು ನಲವತ್ತೊಂದು ಬರ್ದೀಯೆ. ಅದಕ್ಕೇ ಹತ್ತು ಉಳ್ದದ್ದು."

ನಾನು ಬಗ್ಗಿ ನೋಡಿದೆ. ಕೋಲಿನ ತುದಿಯಿಂದ ಅವಳು ಹೊಯ್ಗೆಯ ಮೇಲೆ ಮತ್ತೆ ಮಾಡಿ ತೋರಿಸಿದಳು. ಕೊನೆಯಲ್ಲಿ ಎರಡು ಸಾವಿರದ ನೂರ ಐವತ್ತೊಂದರಲ್ಲಿ ಎರಡು ಸಾವಿರದ ನೂರ ಐವತ್ತೊಂದು ಹೋಯಿತು. ಸೊನ್ನೆ. ಅಷ್ಟರಲ್ಲಿ ನಾಲ್ಕು ಕಾಗೆಗಳು ಚಾಪೆಯ ಮೇಲೆ ಇಳಿದಿದ್ದವು. ಇಬ್ಬರೂ ನೋಡಲಿಲ್ಲ.

"ಒಡೀತು" ಎಂದಳು. ಅವಳ ಮುಖ ಆ ಹೊತ್ತಿಗೆ ಹೇಗಿತ್ತೆಂದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಕೋಲಿನಿಂದ ಉತ್ತರವನ್ನು ಸುತ್ತಿದಳು. 4649. "ಭಾಗಲಾಭ ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು. ಇದು ಮತ್ತೂ ಒಡೀತದಾ ಬೊಮ್ಮ?"

"ಮಾಸ್ತರನ್ನ ಕೇಳ್ಕಂಡು ಬಂದು ಹೇಳ್ತೆ" ಎಂದು ನಾನು ಎದ್ದು ಓಡಿದೆ. ಒಣಮೀನು ತರುವುದನ್ನೂ ಮರೆತೆ.

ಸೋಮವಾರ ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ತರಗತಿ ಚಪ್ಪಾಳೆ ತಟ್ಟಿತು. ಉಪೇಂದ್ರ ಮಾಸ್ತರರು ಪೆನ್ನನ್ನು ಕಿಸೆಯಿಂದ ತೆಗೆದು, ನನ್ನ ಮುಖ ನೋಡಿ, "ಒಬ್ಬನೇ ಮಾಡಿದೆಯೋ?" ಎಂದು ಕೇಳಿದರು.

"ಹೌದು ಸರ್" ಎಂದೆ.

ಎರಡೇ ಶಬ್ದ. ಆಗ ನನ್ನೊಳಗೆ ಒಂದು ಸಮರ್ಥನೆಯೂ ಸಿದ್ಧವಾಗಿತ್ತು. ಇನ್ನೂರು ಪುಟ ಭಾಗಿಸಿದವನು ನಾನು, ಅವಳು ತಿದ್ದಿದ್ದು ಒಂದೇ ಒಂದು ಅಂಕಿ. ಅದೂ ಅಲ್ಲದೆ ಅವಳು ಈಗ ಶಾಲೆಯವಳೇ ಅಲ್ಲವಲ್ಲ. ಸುಳ್ಳು ಹೇಳುವವನಿಗೆ ಗಣಿತ ಎಷ್ಟು ಚೆನ್ನಾಗಿ ಒದಗುತ್ತದೆ ನೋಡಿ. ಅದೇ ದಿನ ನಾನು ಮಾಸ್ತರರನ್ನು 4649ರ ಬಗ್ಗೆಯೂ ಕೇಳಿದೆ. "ಅರವತ್ತೇಳರವರೆಗೆ ನೋಡು, ಸಾಕು" ಎಂದರು. ಮನೆಗೆ ಬರುವ ಬಸ್ಸಿನಲ್ಲೇ ನೋಡಿ ಮುಗಿಸಿದೆ. ಒಡೆಯುವುದಿಲ್ಲ. ಅದನ್ನು ಹೇಳಲು ಹಾರವಾಡಕ್ಕೆ ಹೋಗಬೇಕಿತ್ತು. ಕಿಸೆಯಲ್ಲಿ ಪೆನ್ನು ಇಟ್ಟುಕೊಂಡು ಹೋಗುವುದು ಹೇಗೆ? ನಾಳೆ ಹೋದರಾಯಿತು ಎಂದೆ. ಆ ನಾಳೆ ಬರಲೇ ಇಲ್ಲ. ನಲವತ್ತೆಂಟು ವರ್ಷ.

ಮಾಸ್ತರಿಕೆಗೆ ಸೇರಿದ ಮೇಲೆ ಪ್ರತಿ ವರ್ಷ, ಪ್ರತಿ ತರಗತಿಗೆ, ಮಕ್ಕಳಿಗೆ ಹುರುಪು ಬರಲಿ ಎಂದು ಈ ಕತೆ ಹೇಳಿದೆ. ಹಾಳಿಯ ಮೇಲೆ ಕೂತ ಹುಡುಗ, ಇನ್ನೂರು ಪುಟದ ನೋಟುಬುಕ್ಕು, ಸೋಲದ ಛಲ. ವರ್ಷ ಕಳೆದಂತೆ ಆ ಹುಡುಗ ಹೆಚ್ಚು ಹೆಚ್ಚು ಜಾಣನಾಗುತ್ತ ಹೋದ. ಕತೆಯಲ್ಲಿ ಕಾಗೆಗಳಿರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಕಾರವಾರದಲ್ಲಿ ಮನೆ ಮಾಡಿದಾಗ ಒಮ್ಮೆ ಚೀಲ ಹಿಡಿದು ಮೀನುಪೇಟೆಗೆ ಹೋದೆ. ಬಲಗಡೆಯ ಸಾಲಿನಿಂದ ಒಂದು ದನಿ ಕೇಳಿತು. "ಲಾಭ. ಒಂದು. ಎರಡು. ಮೂರು." ನಾನು ಅಲ್ಲೇ ನಿಂತೆ. ತಲೆ ನರೆತಿರಲಿಲ್ಲ, ಮೈ ತುಂಬಿಕೊಂಡಿತ್ತು, ಆದರೆ ಶೇವಂತಿಯೇ. ಕಾರವಾರ ಕಡೆಯ ತೋಡೂರಿಗೆ ಅವಳನ್ನು ಕೊಟ್ಟದ್ದು ಕೇಳಿ ಗೊತ್ತಿತ್ತು. ನಾನು ಸೀದಾ ಎಡಗಡೆಯ ಸಾಲಿಗೆ ತಿರುಗಿದೆ. ಅಂದಿನಿಂದ ಇಪ್ಪತ್ತು ವರ್ಷ ಎಡಗಡೆಯಲ್ಲೇ ಮೀನು ಕೊಂಡೆ. ಸರೋಜ, "ಆ ಬದಿ ಚೊಲೋ ಮೀನು ಸಿಕ್ತದಂತೆ, ಎಲ್ಲರೂ ಹೇಳ್ತಾರೆ. ನೀವು ಎಂತಕ್ಕೆ ಯಾವಾಗ್ಲೂ ಈ ಸತ್ತ ಬದಿಯಿಂದ್ಲೇ ತರೂದು?" ಎಂದು ಕೇಳಿದಾಗಲೆಲ್ಲ, ಈ ಬದಿಯಲ್ಲಿ ನೆರಳಿದೆ ಎನ್ನುತ್ತಿದ್ದೆ. ಛತ್ರಿ ತಕಂಡು ಹೋಗಿ ಎನ್ನುತ್ತಿದ್ದಳು.

ಆಮಂತ್ರಣ ಪತ್ರ ಬಂದ ಮೂರನೆಯ ದಿನ, ಬೆಳಗಿನ ಒಂಬತ್ತಕ್ಕೆ, ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡು ಬಲಗಡೆಯ ಸಾಲಿಗೆ ಹೋದೆ. ಸನ್ಮಾನದಲ್ಲಿ ಆ ಸುಳ್ಳನ್ನು ಮತ್ತೊಮ್ಮೆ ಹೇಳುವ ಧೈರ್ಯ ನನಗಿರಲಿಲ್ಲ. ನಿಜ ಹೇಳುವುದಾದರೆ ಮೊದಲು ಹೇಳಬೇಕಾದದ್ದು ಇವಳಿಗೆ.

ಶೇವಂತಿ ತಲೆ ಎತ್ತಿ ನೋಡಿದಳು. ಕೂದಲು ಈಗ ಪೂರ್ತಿ ಬಿಳಿ.

"ಬೊಮ್ಮಯ್ಯ ಮಾಸ್ತರಲ್ವಾ? ಬನ್ನಿ. ಇಪ್ಪತ್ತು ವರ್ಷ ಆ ಬದಿಗೇ ಹೋತಿದ್ರಿ. ಇವತ್ತು ಅಲ್ಲಿ ಮೀನಿಲ್ವಾ?"

ಹಾಗಾದರೆ ನೋಡುತ್ತಿದ್ದಳು. ನಾನು ಸಿದ್ಧ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಆರು ಬಂಗ್ಡೆ" ಎಂದೆ. ಆಮೇಲೆ ನಿಂತಲ್ಲೇ, ಮೀನುಪೇಟೆಯ ಗದ್ದಲದಲ್ಲಿ, ತಡವರಿಸುತ್ತ ಎಲ್ಲ ಹೇಳಿದೆ. ಪೆನ್ನು, ಚಪ್ಪಾಳೆ, "ಹೌದು ಸರ್", ವರ್ಷ ವರ್ಷವೂ ಹೇಳಿದ ಕತೆ. ಪಕ್ಕದವಳು ಕತ್ತಿ ನಿಲ್ಲಿಸಿ ಕೇಳುತ್ತಿದ್ದಳು.

"ಪೆನ್ನು ನಿಮ್ಗೆ ಸಿಕ್ಕಿದ್ದು ಆಗ್ಲೇ ಗೊತ್ತಾಗಿತ್ತು" ಎಂದಳು ಶೇವಂತಿ. "ನಿಮ್ಮ ಅವ್ವಿಯೇ ಹೇಳ್ತು, ಮೀನು ಕೊಡೂಕೆ ಹೋದಾಗ. ನನ್ನ ಮಗ ಒಬ್ಬನೇ ಕೂತು ಮಾಡ್ದ ಅಂತ."

"ಸಿಟ್ಟು ಬರ್ಲಿಲ್ವಾ?"

"ಬರದೆ ಇರ್ತದಾ? ಬಂತು. ಪೆನ್ನಿಗಲ್ಲ." ಅವಳು ಕೈಯ ನೀರನ್ನು ಒರೆಸಿಕೊಂಡಳು. ಮುಂದಿನ ಮಾತಿನಲ್ಲಿ ಮಾಸ್ತರನೂ ಇರಲಿಲ್ಲ, ಬಹುವಚನವೂ ಇರಲಿಲ್ಲ. "ಕೇಳ್ಕಂಡು ಬಂದು ಹೇಳ್ತೆ ಅಂದಿದ್ದೆ ನೀನು. ಭಾಗಲಾಭ ಒಡೀತಾ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು" ಎಂದಳು. "ನಾನು ನೋಡ್ತೇ ಇದ್ದೆ. ಬುಟ್ಟಿ ಹೊತ್ಕಂಡು ನಡೀವಾಗ, ದೋಣಿ ಬರೂದು ಕಾಯ್ವಾಗ. ಬಾಯಲ್ಲೇ ಭಾಗ್ಸೂದು. ನಾನ್ನೂರ ಮೂವತ್ತಮೂರರ ತನಕ ನೋಡ್ದೆ. ಹೋಗ್ಲಿಲ್ಲ. ಆಮೇಲೆ ಮೊಮ್ಮಕ್ಕಳಾದ್ವು, ಪುರಸೊತ್ತಾಗ್ಲಿಲ್ಲ."

"ನಾನ್ನೂರ..." ಎಂದೆ. "ಅರವತ್ತೇಳಕ್ಕೇ ನಿಲ್ಲಿಸ್ಬಹುದಿತ್ತು ಶೇವಂತಿ. ಅದು ಒಡಿಯೂದಿಲ್ಲ."

"ಅರವತ್ತೇಳಕ್ಕಾ? ಅದು ಹ್ಯಾಂಗೆ?"

ಅವಳ ಮುಂದಿದ್ದ ಬಂಗ್ಡೆಗಳನ್ನೇ ಜೋಡಿ ಜೋಡಿಯಾಗಿ ಇಟ್ಟು ತೋರಿಸಿದೆ. ಭಾಗವಾಗುವುದಾದರೆ ಎರಡು ಸಂಖ್ಯೆ ಜೋಡಿಯಾಗಿ ಬರಬೇಕು. ಎರಡೂ ಅರವತ್ತೆಂಟಕ್ಕಿಂತ ದೊಡ್ಡದಾದರೆ ಗುಣಲಬ್ಧ ಮಿತಿ ಮೀರುತ್ತದೆ. ದೊಡ್ಡದೊಂದಿದ್ದರೆ ಅದರ ಜೊತೆಯದು ಸಣ್ಣದೇ ಇರಬೇಕು, ಆ ಸಣ್ಣದು ಮೊದಲೇ ಕೈಗೆ ಸಿಕ್ಕಿರಬೇಕು. ಎರಡನೆಯ ಜೋಡಿ ಇಡುವಷ್ಟರಲ್ಲಿ ಅವಳಿಗೆ ತಿಳಿದುಹೋಯಿತು. ಹಣೆಗೆ ಕೈ ಬಡಿದುಕೊಂಡಳು, ಹಣೆಯ ಮೇಲೆ ಮೀನಿನ ಎರಡು ಹುರುಪೆ ಅಂಟಿದವು.

"ಅಯ್ಯ ಸಾಯ್ಲಿ! ಇಷ್ಟೇಯಾ? ಇದೊಂದು ಮಾತು ಹೇಳೂಕೆ ಬರ್ಬಾರ್ದಿತ್ತಾ ನೀನು? ಹಟ್ಟಿಕೇರಿಯಿಂದ ಹಾರವಾಡ ಎಷ್ಟು ದೂರ?"

ಬೇರೆ ಯಾರನ್ನಾದರೂ ಕೇಳಬಹುದಿತ್ತಲ್ಲ ಎಂದು ಮೆಲ್ಲಗೆ ಹೇಳಿದೆ.

"ಮೊಮ್ಮಗಳ ಮೊಬೈಲಲ್ಲಿ ಒತ್ತಿದ್ರೆ ಬತ್ತದಂತೆ" ಎಂದಳು. "ಅದೇ ಹೇಳ್ತು. ನಾನೇ ಬ್ಯಾಡ ಅಂದೆ. ನೀನು ಹೇಳ್ತೆ ಅಂದಿದ್ಯಲ್ಲ."

ನಾನು ಪೆನ್ನು ಕದ್ದೆ ಎಂದು ನಲವತ್ತೆಂಟು ವರ್ಷ ಕೊರಗಿದ್ದೆ. ಅವಳ ಲೆಕ್ಕದಲ್ಲಿ ಪೆನ್ನು ಇರಲೇ ಇಲ್ಲ. ಅವಳು ಕಾಯುತ್ತಿದ್ದುದು ಉತ್ತರಕ್ಕೆ. ಅದು ನನ್ನ ಬಳಿ ಆ ಸೋಮವಾರದಿಂದಲೂ ಇತ್ತು. ಎಡಗಡೆಯ ಸಾಲಿನಿಂದ ಬಲಗಡೆಯ ಸಾಲಿಗೆ ಹತ್ತು ಹೆಜ್ಜೆ. ನನಗೆ ಕಣ್ಣಲ್ಲಿ ನೀರು ಬಂತು, ಮೀನುಪೇಟೆಯಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ ಎಂಬುದೇ ಸಮಾಧಾನ.

ಪೆನ್ನನ್ನು ತೆಗೆದು ಕೊಟ್ಟೆ. ಅವಳು ಟೊಪ್ಪಿಗೆ ಬಿಚ್ಚಿ ನಿಬ್ಬು ನೋಡಿ, "ಇಂಕು ಒಣಗಿಸಿ ಇಟ್ಟೀರಲ್ಲ" ಎಂದು ಮತ್ತೆ ಬಹುವಚನಕ್ಕೆ ಬಂದಳು. "ಇರ್ಲಿ. ಬಿಸಿನೀರಲ್ಲಿ ಇಟ್ರೆ ಬಿಡ್ತದೆ. ಮೊಮ್ಮಗಳು ಈ ವರ್ಷ ಒಂಬತ್ತನೇ ಇಯತ್ತೆ." ಪೆನ್ನನ್ನು ಒಣಗಿದ ಚೀಲವೊಂದರಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸನ್ಮಾನಕ್ಕೆ ಬಾ ಎಂದೆ. "ಭಾನ್ವಾರ ವ್ಯಾಪಾರ ಬಿಟ್ಟು ಬರೂಕಾತದಾ? ನೀವೇ ಹೇಳಿ. ಈ ಸಲ ಸರಿ ಹೇಳಿ, ಆಯ್ತಾ?" ಎಂದಳು.

ಬರುವ ಭಾನುವಾರ ನಾನು ಬರಿಗೈಯಲ್ಲಿ ಹೋಗುತ್ತೇನೆ. ಪೆನ್ನು ಎಲ್ಲಿ ಸರ್ ಎಂದು ಮಕ್ಕಳು ಕೇಳುತ್ತಾರೆ. ಅಲ್ಲಿಂದಲೇ ಶುರು ಮಾಡಬಹುದು. ಕಾಗೆಗಳನ್ನೂ ಸೇರಿಸಬೇಕು.

ಅಂದು ಮನೆಗೆ ಬಂದು, ಆರು ಬಂಗ್ಡೆ ಎಂದು ಹೇಳಿ ಚೀಲವನ್ನು ಸರೋಜಳ ಕೈಗೆ ಕೊಟ್ಟೆ. ಅವಳು ಬಂಗ್ಡೆಗಳನ್ನು ತೊಳೆದು ಸ್ಟೀಲಿನ ತಟ್ಟೆಯಲ್ಲಿ ಸಾಲಾಗಿ ಇಟ್ಟಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನೆಟ್ಟಗೆ, ಒಂದರ ಪಕ್ಕ ಒಂದು, ಒಂದೇ ಅಳತೆಯವು. ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು.

"ಆರು ಅಂದಿದ್ರಿ, ಏಳು ಬಂದದೆ" ಎಂದಳು ಸರೋಜ. "ಎಣಿಸೂಕೆ ಬರೂದಿಲ್ಲ ಕಾಣ್ತದೆ ಆ ಮೀನು ಮಾರೂ ಹೆಂಗ್ಸಿಗೆ."

"ಅವಳಿಗೆ ಬತ್ತದೆ" ಎಂದೆ. "ತಪ್ಪಿದ್ದು ನಾನು."